ಎಲ್ಲಾ ಏಟಿಗೂ ಒಂದೇ ಸದ್ದು

ಅವನನ್ನು ಎಲ್ಲರೂ ಹದ್ದು ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹೊರಗೆ ಬರುತ್ತಿದ್ದದ್ದು ಹೆಂಡತಿಗೆ ಸಿಟ್ಟು ನೆತ್ತಿಗೇರಿದಾಗ ಮಾತ್ರ. ಗಾಲ್ಫ್ ಮೈದಾನದಲ್ಲಿ ಆಡುವವರ ಬ್ಯಾಗು ಹೊತ್ತು, ಹೊಡೆದ ಚೆಂಡಿನ ಮೇಲೆ ಕಣ್ಣಿಟ್ಟು, ಅದು ಬಿದ್ದ ಜಾಗಕ್ಕೆ ಕರೆದೊಯ್ಯುವ ಕ್ಯಾಡಿ ಅವನು. ಎಡಗಣ್ಣು ಹೋಗಿ ಬಹಳ ಕಾಲವಾಗಿತ್ತು. ಯಾವನೋ ಹೊಸಬ ಹೊಡೆದ ಚೆಂಡು ಮರದ ಬೊಡ್ಡೆಗೆ ಬಡಿದು ಹಿಂದಕ್ಕೆ ಚಿಮ್ಮಿ ಇವನ ಕಣ್ಣಿಗೇ ಕೂತಿತ್ತು. ಹೊಡೆದ ಮಹಾನುಭಾವ ಆಸ್ಪತ್ರೆಗೆ ಒಂದು ಬುಟ್ಟಿ ಹಣ್ಣು ಕಳಿಸಿ, ಮನಸ್ಸಿಗೆ ಬೇಜಾರಾಯಿತೆಂದು ಆಟವನ್ನೇ ಬಿಟ್ಟ. ಹದ್ದಿಗೆ ಬೇಜಾರು ಮಾಡಿಕೊಳ್ಳುವ ಅನುಕೂಲ ಇರಲಿಲ್ಲ. ಕಪ್ಪು ಕನ್ನಡಕ ಏರಿಸಿಕೊಂಡು ಮತ್ತೆ ಬ್ಯಾಗಿಗೆ ಹೆಗಲು ಕೊಟ್ಟ. ಎರಡು ಕಣ್ಣಿನವರು ಹುಲ್ಲಲ್ಲಿ ತಡಕಾಡುತ್ತಿದ್ದರೆ ಇವನು ಒಂದೇ ಕಣ್ಣಲ್ಲಿ ನೆಟ್ಟಗೆ ಹೋಗಿ ಚೆಂಡಿನ ಪಕ್ಕ ನಿಲ್ಲುತ್ತಿದ್ದ. ಹೆಸರು ಬಿದ್ದದ್ದು ಹಾಗೆ.

ಈಗ ಆ ಕಣ್ಣೂ ಕೈಕೊಡುತ್ತಿತ್ತು.

ಮೊದಮೊದಲು ಕನ್ನಡಕದ ಗಾಜು ಕೊಳೆಯಾಗಿದೆ ಅಂದುಕೊಂಡ. ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ ಗಾಜಿಗೇ ಗೀರು ಬಿತ್ತು, ಮಬ್ಬು ಮಾತ್ರ ಹೋಗಲಿಲ್ಲ. ಆಮೇಲೆ ಆಕಾಶದಲ್ಲಿ ಚೆಂಡು ಕಾಣದಾಯಿತು. ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ, ಪರಿಚಯದವರಿಲ್ಲದ ಕಡೆಯ ಕಣ್ಣಾಸ್ಪತ್ರೆಗೆ ಹೋಗಿ ಬಂದ. ಅಲ್ಲಿನ ಡಾಕ್ಟರು ಪೊರೆ ಬಂದಿದೆ ಅಂದರು. ಆಪರೇಷನ್ ಮಾಡಿದರೆ ಬಹುತೇಕ ಸರಿಹೋಗುತ್ತದೆ ಅಂದರು. ಆ 'ಬಹುತೇಕ' ಅನ್ನುವ ಮಾತು ಹದ್ದಿನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ಎರಡು ಕಣ್ಣಿದ್ದವನಿಗೆ ಬಹುತೇಕ ಸಾಕು. ಒಂದೇ ಇದ್ದವನು ಅದನ್ನು ಕಟ್ಟಿಕೊಂಡು ಏನು ಮಾಡಬೇಕು? ಮತ್ತೆ ಬರುತ್ತೇನೆಂದು ಹೇಳಿ ಎದ್ದು ಬಂದವನು ಆ ಬೀದಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಬೇಕರಿಯ ಕೌಂಟರಿನಲ್ಲಿ ಇಡೀ ದಿನ ನಿಂತು ಕಾಲು ಊದಿಸಿಕೊಂಡು ಬರುವ ಹೆಂಡತಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಅವಳು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿಸುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕ್ಲಬ್ಬಿನಲ್ಲಿ ಹೇಳುವುದಂತೂ ದೂರದ ಮಾತು. ಚೆಂಡು ಕಾಣದ ಕ್ಯಾಡಿ ಯಾರಿಗೆ ಬೇಕು? ಬ್ಯಾಗು ಹೊರುವುದಕ್ಕೆ ಚಕ್ರದ ಗಾಡಿಯೂ ಇದೆ.

ಹಾಗಾದರೆ ಇಷ್ಟು ದಿನ ದೂಡಿದ್ದು ಹೇಗೆ? ಕಿವಿಯಿಂದ.

ಅವನು ಬ್ಯಾಗು ಹೊರುತ್ತಿದ್ದದ್ದು ದನದ ಡಾಕ್ಟರಮ್ಮನಿಗೆ. ಹಸು, ಎಮ್ಮೆ, ಕುದುರೆಗಳಿಗೆ ಸೂಜಿ ಚುಚ್ಚಿ ಗಟ್ಟಿಯಾದ ಕೈ, ಅಷ್ಟೇ ಗಟ್ಟಿ ಮಾತು. ಚೆಂಡು ಹೊಡೆಯುವ ಅವಳ ಹಳೆಯ ಕೋಲುಗಳು, ಅಂದರೆ ಐರನ್‌ಗಳು ಕಬ್ಬಿಣ ಕಾಯಿಸಿ ಬಡಿದು ಮಾಡಿದ ಫೋರ್ಜ್ಡ್ ಐರನ್‌ಗಳು, ಚಾಕುವಿನಂತೆ ತೆಳ್ಳಗೆ. ಅವಕ್ಕೆ ಮುಚ್ಚುಮರೆ ಅನ್ನುವುದೇ ಇರಲಿಲ್ಲ. ಚೆಂಡು ನಟ್ಟನಡುವೆ ಕೂತರೆ ಮೆತ್ತಗೆ ಟಕ್ ಅನ್ನುವವು. ತುದಿಗೆ ತಗುಲಿದರೆ ಚಿಣ್ ಅಂತ ಕೀರಲು, ಚೆಂಡು ಬಲಕ್ಕೆ. ಬುಡಕ್ಕೆ ತಗುಲಿದರೆ ದಬ್ ಅಂತ ಮಂಕು, ಚೆಂಡು ಎಡಕ್ಕೆ. ಹದ್ದು ಆಕಾಶ ನೋಡುವ ಹಾಗೆ ಕತ್ತೆತ್ತಿ, ಕಿವಿಯಲ್ಲಿ ಕೇಳಿಸಿಕೊಂಡು, "ಬಲಗಡೆ, ಎರಡನೇ ಮರದ ಕೆಳಗೆ" ಅನ್ನುತ್ತಿದ್ದ. ಹತ್ತಿರ ಹೋದ ಮೇಲೆ ಬೂಟಿನ ತುದಿಯಲ್ಲಿ ಹುಲ್ಲು ಸವರಿದರೆ ಚೆಂಡು ಸಿಗುತ್ತಿತ್ತು. ಯಾರಿಗೂ ಅನುಮಾನದ ವಾಸನೆ ಹತ್ತಿರಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮನ ಮೊಣಕೈ ಹಿಡಿದುಕೊಂಡಿತು. ಹಳೆಯ ಐರನ್‌ನಲ್ಲಿ ಒಂದು ಏಟು ತಪ್ಪಿದರೆ ಕೈಗೆ ಕರೆಂಟು ಹೊಡೆದ ಹಾಗೆ ಜುಮ್ಮೆನ್ನುತ್ತಿತ್ತು. ಒಂದು ಬೆಳಿಗ್ಗೆ ಹೊಸ ಐರನ್‌ಗಳ ಸೆಟ್ಟು ತಂದು ಹದ್ದಿನ ಮುಂದೆ ಇಟ್ಟಳು.

"ಇವೂ ಫೋರ್ಜ್ಡೇ ಹದ್ದಣ್ಣ. ಆದ್ರೆ ಒಳಗೆ ಟೊಳ್ಳಂತೆ, ರಬ್ಬರಿನಂಥದ್ದೇನೋ ತುಂಬಿದ್ದಾರಂತೆ. ಎಲ್ಲಿ ತಗುಲಿದ್ರೂ ಚೆಂಡು ಹೆಚ್ಚುಕಮ್ಮಿ ನೆಟ್ಟಗೆ ಹೋಗುತ್ತಂತೆ. ಅಂಗಡಿಯವನು ಹೇಳಿದ, ನಿಮ್ಮ ತಪ್ಪನ್ನೆಲ್ಲ ಹೊಟ್ಟೆಗೆ ಹಾಕ್ಕೊಳ್ಳುತ್ತೆ ಮೇಡಂ ಅಂತ."

ಹದ್ದು ಒಂದನ್ನು ಎತ್ತಿ ಉಗುರಿನಿಂದ ಮೀಟಿದ. ಮಧ್ಯದಲ್ಲಿ ಮೀಟಿದ, ತುದಿಯಲ್ಲಿ ಮೀಟಿದ, ಬುಡದಲ್ಲಿ ಮೀಟಿದ. ಟಪ್, ಟಪ್, ಟಪ್. ಎಲ್ಲಿ ಮೀಟಿದರೂ ಒಂದೇ ಸದ್ದು.

"ಹೆಂಗಿದೆ?"

"ಚೆನ್ನಾಗಿದೆ ಡಾಕ್ಟ್ರಮ್ಮ," ಅಂದ. ಬೇರೇನು ಅನ್ನಲು ಸಾಧ್ಯ?

ಕ್ಲಬ್ಬಿನ ಜಗಲಿಯಲ್ಲಿ ಆಗ ಇದೇ ಮಾತು. ಆ ವರ್ಷ ಅರ್ಧಕ್ಕರ್ಧ ಮಂದಿ ಇಂಥ ಐರನ್‌ಗಳಿಗೆ ಬದಲಾಯಿಸಿದ್ದರು. ನಿವೃತ್ತ ಮೇಷ್ಟ್ರೊಬ್ಬರು ನಿಂಬೆ ಶರಬತ್ತು ಹೀರುತ್ತಾ, "ನನ್ನ ಏಳನೇ ನಂಬರು ಈಗ ಹಳೇ ಆರನೇ ನಂಬರಿನಷ್ಟು ದೂರ ಹೋಗುತ್ತೆ ಕಣ್ರೀ, ಹತ್ತು ವರ್ಷ ವಯಸ್ಸು ಇಳಿದಂಗಾಗಿದೆ" ಅನ್ನುತ್ತಿದ್ದರು. ಔಷಧಿ ಅಂಗಡಿಯವರು, "ಮನೆಯಾಕೆಗಿಂತ ವಾಸಿ, ಎಷ್ಟು ತಪ್ಪು ಮಾಡಿದ್ರೂ ಎದುರು ಮಾತಿಲ್ಲ" ಅಂದು ನಗಿಸುತ್ತಿದ್ದರು. ಮೂಲೆಯಲ್ಲಿ ಕೂತ ಗಡಿಯಾರ ರಿಪೇರಿಯವನಿಗೆ ಮಾತ್ರ ಇದು ಸೇರದು. "ಒಳ್ಳೇ ಏಟು ಯಾವುದು ಕೆಟ್ಟ ಏಟು ಯಾವುದು ಕೈಗೇ ಗೊತ್ತಾಗಲ್ಲ. ತಪ್ಪಾಗಿದೆ ಅಂತ ಗೊತ್ತಾಗದೆ ತಿದ್ಕೊಳ್ಳೋದು ಹೆಂಗ್ರೀ? ನಾನು ಒಂದು ತಿಂಗಳು ಆಡಿ ಮಾರಿಬಿಟ್ಟೆ." ಮೆಟ್ಟಿಲ ಕೆಳಗೆ ಬ್ಯಾಗು ಒರೆಸುತ್ತಿದ್ದ ಹದ್ದಿಗೆ ಎದ್ದು ಹೋಗಿ ಅವನ ಕೈ ಕುಲುಕಬೇಕು ಅನ್ನಿಸಿತು.

ಹೊಸ ಐರನ್ ಬಂದಮೇಲೆ ಹದ್ದು ಹೊಸ ಉಪಾಯ ಕಂಡುಕೊಂಡ. ಡಾಕ್ಟರಮ್ಮ ಹೊಡೆದ ಕೂಡಲೇ ಆಕಾಶ ಬಿಟ್ಟು ಪಕ್ಕದವರ ಕುತ್ತಿಗೆ ನೋಡುವುದು. ಹತ್ತಿರದ ಮನುಷ್ಯರ ಆಕಾರ ಇನ್ನೂ ಮಬ್ಬಾಗಿ ಕಾಣುತ್ತಿತ್ತು. ಅವರ ತಲೆ ಯಾವ ಕಡೆ ತಿರುಗುತ್ತದೋ ಚೆಂಡು ಆ ಕಡೆ. ಹೀಗೆ ಕೆಲವು ದಿನ ನಡೆಯಿತು. ಎರಡು ಸಲ ಚೆಂಡು ಕಳೆದುಹೋಯಿತು. ಡಾಕ್ಟರಮ್ಮ, "ಹೊಸ ಐರನ್ನಲ್ವಾ, ದೂರ ಜಾಸ್ತಿ ಹೋಗ್ತಿದೆ, ನಿಮಗೂ ಅಂದಾಜು ಸಿಗ್ತಿಲ್ಲ" ಅಂತ ಅವಳೇ ಸಮಾಧಾನ ಹೇಳಿದಳು. ಆ ಸಮಾಧಾನ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಒಬ್ಬನಿಗೆ ಮಾತ್ರ ಅನುಮಾನ. ಅವನು ಹದ್ದಿನ ಬಾಮೈದ, ಹೆಂಡತಿಯ ಖಾಸಾ ತಮ್ಮ, ಅದೇ ಕ್ಲಬ್ಬಿನ ಕ್ಯಾಡಿ. ಬಾಯಿ ಅಂದರೆ ಬೊಂಬಾಯಿ.

ಕ್ಯಾಡಿಗಳ ಶೆಡ್ಡಿನಲ್ಲಿ ಬೂಟು ಬಿಚ್ಚುತ್ತಾ ಒಂದು ಸಂಜೆ ಕೇಳಿದ: "ಭಾವ, ನಿನ್ನೆ ನನ್ನ ಮುಖ ಯಾಕೆ ಹಂಗೆ ದುರುಗುಟ್ಟಿ ನೋಡ್ತಿದ್ದೆ? ಚೆಂಡು ನನ್ನ ಮೂಗಿನ ಮೇಲಿತ್ತಾ?"

"ನಿನ್ನ ಮೂಗಿನ ಮೇಲೆ ನೊಣ ಇತ್ತು."

"ನೊಣ ಕಾಣಿಸ್ತಾ? ಭಾರಿ ಆಯ್ತು ಬಿಡು. ಹಾಗಾದ್ರೆ ಆ ಗೋಡೆ ಮೇಲಿನ ನೋಟೀಸು ಓದು ನೋಡೋಣ."

"ನಿನ್ನ ಅಕ್ಕನ್ನ ಕೇಳು, ಓದಿ ಹೇಳ್ತಾಳೆ. ಕೆಲಸ ಇಲ್ಲದ ಬಡಗಿ ತರ ಮಾತಾಡಬೇಡ."

"ಭಾವ, ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ. ತೆಪ್ಪಗಿರು."

ಹದ್ದು ಟವೆಲ್ಲು ಹೆಗಲಿಗೆ ಎಸೆದುಕೊಂಡು ಹೊರಬಿದ್ದ. ಹೊಸಿಲು ಎಡವಿದ. ಹಿಂದಿನಿಂದ ನಗು ಕೇಳಿಸಲಿಲ್ಲ. ಬಾಮೈದ ನಗದೆ ಸುಮ್ಮನಿದ್ದದ್ದೇ ಅವನಿಗೆ ಹೆಚ್ಚು ದಿಗಿಲು ಹುಟ್ಟಿಸಿತು.

ಮಹಿಳೆಯರ ಕಪ್ಪಿನ ಫೈನಲ್ ಬಂತು. ಒಂದು ಕಡೆ ಡಾಕ್ಟರಮ್ಮ, ಇನ್ನೊಂದು ಕಡೆ ಲಾಯರಮ್ಮ. ಲಾಯರಮ್ಮ ಕೋರ್ಟಿನಲ್ಲಿ ಹೇಗೋ ಮೈದಾನದಲ್ಲೂ ಹಾಗೆಯೇ, ಒಂದು ಅಕ್ಷರ ಬಿಟ್ಟುಕೊಡುವವಳಲ್ಲ. ಅವಳ ಬ್ಯಾಗು ಬಾಮೈದನ ಹೆಗಲಲ್ಲಿ. ಕಡಿಮೆ ಏಟಿನಲ್ಲಿ ಚೆಂಡನ್ನು ಗುಂಡಿಗೆ ಬೀಳಿಸಿ ಒಂದೊಂದು ಗುಂಡಿಯನ್ನು ಯಾರು ಗೆದ್ದರು ಎಂದು ಲೆಕ್ಕ ಹಾಕುವ ಆಟ ಅದು. ಒಂದು ಗುಂಡಿಯಲ್ಲಿ ಎದುರಾಳಿಯ ಚೆಂಡನ್ನು ತಪ್ಪಿ ಹೊಡೆದರೂ ಆ ಗುಂಡಿ ಸೋತ ಹಾಗೆ. ಅದಕ್ಕೇ ಡಾಕ್ಟರಮ್ಮ ತನ್ನ ಚೆಂಡಿಗೆ ಕೆಂಪು ಚುಕ್ಕಿ ಇಡುತ್ತಿದ್ದಳು, ಲಾಯರಮ್ಮ ನೀಲಿ ಗೆರೆ ಎಳೆಯುತ್ತಿದ್ದಳು.

ಹೊರಡುವ ಮುಂಚೆ ಡಾಕ್ಟರಮ್ಮ ಅಂದಳು: "ಇವತ್ತು ನನ್ನ ಮೊಣಕೈ ಈ ಐರನ್ ನೋಡ್ಕೊಳ್ಳುತ್ತೆ, ಚೆಂಡು ನೀವು ನೋಡ್ಕೊಳ್ಳಿ. ನನಗೆ ಬೇರೆ ಚಿಂತೆ ಇಲ್ಲ."

ಹದ್ದು ಬ್ಯಾಗು ಹೆಗಲಿಗೇರಿಸಿದ. ಇವತ್ತೊಂದು ದಿನ ದಾಟಲಿ, ಆಮೇಲೆ ನೋಡಿಕೊಳ್ಳೋಣ ಅಂದುಕೊಂಡ. ದಿನಾ ಹಾಗೇ ಅಂದುಕೊಳ್ಳುತ್ತಿದ್ದ.

ಮಧ್ಯಾಹ್ನ ಇಳಿಯುವವರೆಗೆ ಹೇಗೋ ನಡೆಯಿತು. ಹೊಸ ಐರನ್ ನಿಜಕ್ಕೂ ಹೊಟ್ಟೆಗೆ ಹಾಕಿಕೊಳ್ಳುವ ಜಾತಿಯದ್ದು. ಡಾಕ್ಟರಮ್ಮ ಅಡ್ಡಾದಿಡ್ಡಿ ಹೊಡೆದರೂ ಚೆಂಡು ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಗ್ರೀನಿನ ಆಸುಪಾಸಿಗೇ ಹೋಗಿ ಬೀಳುತ್ತಿತ್ತು. ಹದ್ದು ಪ್ರತಿ ಏಟಿಗೂ ಬಾಮೈದನ ಕುತ್ತಿಗೆ ನೋಡುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಇನ್ನು ಎರಡೇ ಗುಂಡಿ ಉಳಿದಿದ್ದಾಗ ಇಬ್ಬರೂ ಸಮ ಸಮ.

ಕೊನೆಗಿಂತ ಹಿಂದಿನ ಗುಂಡಿ. ಸೂರ್ಯ ಎದುರಿಗೇ ಇಳಿಯುತ್ತಿದ್ದ. ಲಾಯರಮ್ಮ ಮೊದಲು ಹೊಡೆದಳು. ಅವಳ ಚೆಂಡು ಗ್ರೀನಿನ ಎಡಗಡೆಯ ಎತ್ತರದ ಹುಲ್ಲಿಗೆ ಬಿತ್ತು. ಬಾಮೈದ ಆ ಜಾಗದಿಂದ ಕಣ್ಣು ಕೀಳದೆ ನಿಂತ. ಒಮ್ಮೆ ಕಣ್ಣು ತಪ್ಪಿದರೆ ಅಂಥ ಹುಲ್ಲಲ್ಲಿ ಚೆಂಡು ಮತ್ತೆ ಸಿಗುವುದಿಲ್ಲ.

ಆಮೇಲೆ ಡಾಕ್ಟರಮ್ಮ ಆರನೇ ನಂಬರ್ ಐರನ್ ಎತ್ತಿದಳು. ಟಪ್.

"ಅಯ್ಯೋ, ಬಿಸಿಲು! ಎಲ್ಲಿ ಹೋಯ್ತು ಹದ್ದಣ್ಣ?"

ಹದ್ದು ಬಾಮೈದನ ಕಡೆ ತಿರುಗಿದ. ಅವನ ಕುತ್ತಿಗೆ ಎಡಕ್ಕಿತ್ತು. ಅವನು ನೋಡುತ್ತಿದ್ದದ್ದು ತನ್ನ ಮೇಡಮ್ಮಿನ ಚೆಂಡು ಬಿದ್ದ ಜಾಗವನ್ನು ಎಂಬುದು ಹದ್ದಿಗೆ ಹೊಳೆಯಲೇ ಇಲ್ಲ.

"ಎಡಗಡೆ, ಗ್ರೀನ್ ಪಕ್ಕದ ಹುಲ್ಲಲ್ಲಿ," ಅಂದ. ದನಿ ಗಟ್ಟಿಯಾಗಿಯೇ ಬಂತು.

ಲಾಯರಮ್ಮ ನೀರು ಕುಡಿಯಲು ನಿಂತಳು. ಬಾಮೈದ ಬಾಟಲಿ ಹಿಡಿದು ಕಾಯಬೇಕಾಯಿತು. ಅಷ್ಟರಲ್ಲಿ ಹದ್ದು ದಾಪುಗಾಲು ಹಾಕಿ ಹುಲ್ಲಿಗೆ ಇಳಿದಿದ್ದ. ಬೂಟಿನ ತುದಿಯಿಂದ ಸವರುತ್ತಾ ಸವರುತ್ತಾ ಹೋದ. ಏನೋ ಗಟ್ಟಿಯಾದದ್ದು ತಗುಲಿತು. ಬಗ್ಗಿದ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದ. ಬಿಳಿಯ ಮೇಲೆ ಏನೋ ಕಪ್ಪು ಛಾಯೆ. ಕೆಂಪೋ, ನೀಲಿಯೋ, ಮಣ್ಣೋ. ಸಂದೇಹ ಇದೆ ಅಂದರೆ ಹಿಂದೆಯೇ ಬಂದು ನಿಂತಿದ್ದ ಡಾಕ್ಟರಮ್ಮ ಬಗ್ಗಿ ನೋಡುತ್ತಾಳೆ. ಹದ್ದಿಗೆ ಸಂದೇಹವೇ ಅಂತ ಒಂದು ಗಳಿಗೆ ಅವನ ಮುಖವನ್ನೂ ನೋಡುತ್ತಾಳೆ.

"ನಮ್ದೇ," ಅಂದ.

ಇಷ್ಟು ವರ್ಷದಲ್ಲಿ ಅವನು ನಮ್ದೇ ಅಂದದ್ದನ್ನು ಅವಳು ಎರಡನೇ ಸಲ ನೋಡಿದವಳಲ್ಲ. ಕಾಲು ಅಗಲಿಸಿ ನಿಂತಳು, ಐರನ್ ಹಿಂದಕ್ಕೆ ಎತ್ತಿದಳು.

"ಡಾಕ್ಟ್ರಮ್ಮಾ! ನಿಲ್ಲಿ! ನಿಲ್ಲಿ!"

ಬಾಮೈದ ಬ್ಯಾಗನ್ನು ನೆಲಕ್ಕೆಸೆದು ಓಡಿ ಬರುತ್ತಿದ್ದ. "ಅದು ನಮ್ಮ ಚೆಂಡು! ನಿಮ್ದಲ್ಲ!"

ಐರನ್ ಗಾಳಿಯಲ್ಲೇ ನಿಂತಿತು. ಡಾಕ್ಟರಮ್ಮ ಅದನ್ನು ಮೆಲ್ಲಗೆ ಇಳಿಸಿ, ಮಂಡಿಯೂರಿ ಚೆಂಡಿನ ಹತ್ತಿರ ಹೋದಳು. ನೀಲಿ ಗೆರೆ, ಹೆಬ್ಬೆರಳಷ್ಟು ದಪ್ಪ.

ಹಿಂದೆಯೇ ಬಂದ ಲಾಯರಮ್ಮನ ಮುಖ ಕೆಂಡವಾಗಿತ್ತು. ಅವಳು ಬೈದದ್ದು ಹದ್ದಿಗಲ್ಲ, ತನ್ನ ಕ್ಯಾಡಿಗೆ. "ನೀನು ಯಾರ ಕ್ಯಾಡಿ?"

"ನಿಮ್ಮ ಕ್ಯಾಡಿನೇ ಮೇಡಂ."

"ಹಂಗಾದ್ರೆ ಬಾಯಿ ಯಾಕೆ ಬಿಟ್ಟೆ? ಅವರು ಹೊಡೆದಿದ್ರೆ ಗುಂಡಿ ನಮ್ದಾಗ್ತಿತ್ತು."

"ಹಂಗೆ ಗೆಲ್ಲೋದು ನಿಮಗೆ ಬೇಡ ಅಂದ್ಕೊಂಡೆ."

"ಅದನ್ನ ಹೇಳಬೇಕಾದವಳು ನಾನು, ನೀನಲ್ಲ." ಲಾಯರಮ್ಮ ಡಾಕ್ಟರಮ್ಮನ ಕಡೆ ತಿರುಗಿದಳು. ಬೇಡದ ಮನಸ್ಸಿನಿಂದ ಗ್ರೀನಿನಾಚೆ ಕೈ ತೋರಿಸಿದಳು. "ಡಾಕ್ಟ್ರೇ, ನಿಮ್ಮ ಚೆಂಡು ಬಲಗಡೆ ಮರಳು ಹಳ್ಳದಲ್ಲಿದೆ. ನಾನು ನೋಡಿದ್ದೆ. ನಿಮ್ಮ ಕ್ಯಾಡಿ ಎಡಗಡೆ ಯಾಕೆ ನುಗ್ಗಿದ ಅಂತ ನನಗೇ ಆಶ್ಚರ್ಯ ಆಗಿತ್ತು."

ಬಲಗಡೆ! ಹದ್ದು ಬಲಕ್ಕೆ ತಿರುಗಿದ. ಭಯವೋ ಅವಮಾನವೋ ತಿಳಿಯದು, ಹೊರಗೆ ಬಂದದ್ದು ಮಾತ್ರ ಸಿಟ್ಟು. ಬಾಮೈದನ ಅಂಗಿಯ ಕಾಲರು ಹಿಡಿದು ಜಗ್ಗಿದ.

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಎಲ್ಲರ ಮುಂದೆ ಕೂಗಬೇಕಿತ್ತೇನೋ? ಹತ್ತಿರ ಬಂದು ಹೇಳಕ್ಕಾಗ್ತಿರಲಿಲ್ವಾ?"

"ಹತ್ತಿರ ಬರೋಷ್ಟರಲ್ಲಿ ಅವರು ಹೊಡೆದಿರೋರು ಭಾವ!"

"ಹೊಡೀಲಿ! ಒಂದು ಗುಂಡಿ ಹೋಗ್ತಿತ್ತು ಅಷ್ಟೇ! ಈಗ ನನ್ನ..."

ಬಾಮೈದ ಕಾಲರು ಬಿಡಿಸಿಕೊಳ್ಳಲಿಲ್ಲ. "ನಾಳೆ ರಸ್ತೆ ದಾಟುವಾಗ ಲಾರಿ ಬಂದ್ರೂ ಹಿಂಗೇ ನನ್ನ ಕುತ್ತಿಗೆ ನೋಡ್ಕೊಂಡು ದಾಟ್ತೀಯಾ? ಅಕ್ಕನಿಗೆ ಏನು ಹೇಳ್ಲಿ ನಾನು?"

ಡಾಕ್ಟರಮ್ಮ ಇಬ್ಬರ ನಡುವೆ ಬಂದು ನಿಂತಳು. ಚೆಂಡಿನತ್ತ ಬೆರಳು ಮಾಡಿದಳು. "ಹದ್ದಣ್ಣ, ಇದು ಯಾವ ಬಣ್ಣ?"

ಹದ್ದು ಚೆಂಡಿನ ದಿಕ್ಕಿಗೆ ಮುಖ ಮಾಡಿ ನಿಂತ. ಗೆರೆ ನೀಲಿ ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನೀಲಿ ಅಂದುಬಿಡಬಹುದಿತ್ತು. ನಾಲಿಗೆ ಏಳಲಿಲ್ಲ.

"ಕಾಣಲ್ಲ ಡಾಕ್ಟ್ರಮ್ಮ," ಅಂದ.

"ಯಾವಾಗಿಂದ?"

"ಹೋದ ವರ್ಷದಿಂದ."

"ಹೋದ ವರ್ಷದಿಂದ! ಇಲ್ಲಿವರೆಗೆ ಚೆಂಡು ಹೆಂಗೆ ಹುಡುಕ್ತಿದ್ರಿ?"

"ಹಳೇ ಐರನ್ ಸದ್ದಿನ ಮೇಲೆ. ಇದು..." ಅವಳ ಕೈಯಲ್ಲಿದ್ದ ಹೊಸ ಐರನ್ ಕಡೆ ಗದ್ದ ಆಡಿಸಿದ, "ಇದು ಏನೂ ಹೇಳಲ್ಲ."

ಅವಳಿಗೆ ಸಿಟ್ಟು ಬಂದಿತ್ತು. ಉಸಿರಿನಲ್ಲೇ ಅವನಿಗೆ ತಿಳಿಯಿತು. ಬೈಗುಳ ಬರಲಿ ಅಂತ ಕಾದ. ಅವಳು ಸರಸರ ನಡೆದು ಹೋಗಿ, ಮರಳಿನಿಂದ ಚೆಂಡನ್ನು ಹೊಡೆದೆಬ್ಬಿಸಿ, ಲಾಯರಮ್ಮನಷ್ಟೇ ಏಟಿನಲ್ಲಿ ಆ ಗುಂಡಿ ಮುಗಿಸಿದಳು. ಅಲ್ಲಿಗೂ ಸಮ ಸಮ.

ಕೊನೆಯ ಗುಂಡಿಗೆ ಹೋಗುವ ದಾರಿಯಲ್ಲಿ ಒಂದು ಕಲ್ಲಿನ ಬೆಂಚಿತ್ತು. ಡಾಕ್ಟರಮ್ಮ ಹದ್ದಿನ ತೋಳು ಹಿಡಿದು ಅಲ್ಲಿ ಕೂರಿಸಿದಳು, ಕೇಳದೆಯೇ ಕಪ್ಪು ಕನ್ನಡಕ ತೆಗೆದಳು. ಎತ್ತಿನ ಕಣ್ಣು ನೋಡುವಂತೆ ಒಂದು ಅಂಗೈಯನ್ನು ಹಣೆಗೆ ಒತ್ತಿ, ಹೆಬ್ಬೆರಳಿನಿಂದ ರೆಪ್ಪೆ ಮೇಲಕ್ಕೆತ್ತಿ, ಮುಖವನ್ನು ಬೆಳಕಿಗೆ ತಿರುಗಿಸಿದಳು. ಕೈಯಲ್ಲಿ ಮರಳಿನ ವಾಸನೆ.

"ಟೈಮಾಗುತ್ತೆ ಡಾಕ್ಟ್ರೇ," ಲಾಯರಮ್ಮ ಅಂದಳು.

"ಆಗ್ಲಿ. ಅಷ್ಟು ಅವಸರ ಇದ್ರೆ ದೂರು ಕೊಡಿ." ಹದ್ದಿಗೆ: "ಕದಲಬೇಡಿ. ಒದೆಯೋ ಎಮ್ಮೆಗಳೇ ಸುಮ್ಮನಿರ್ತವೆ." ಸ್ವಲ್ಪ ಹೊತ್ತು ನೋಡಿದಳು. "ಪೊರೆ ಬಲಿತಿದೆ. ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಬಹುತೇಕ ಸರಿಹೋಗುತ್ತೆ ಅಂದ್ರು."

"ಮತ್ತೆ?"

"ನನಗಿರೋದು ಇದೊಂದೇ ಡಾಕ್ಟ್ರಮ್ಮ. ಮಬ್ಬಾದ್ರೂ ಇದೆ. ಹೆಂಡತಿ ಬಾಗಿಲಿಗೆ ಬಂದ್ರೆ ಅವಳೇ ಅಂತ ಗೊತ್ತಾಗುತ್ತೆ. ಅದೂ ಹೋದ್ರೆ?"

ಅವಳು ರೆಪ್ಪೆ ಬಿಟ್ಟಳು. "ಹೋಗಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ. ನಾನು ದನದ ಡಾಕ್ಟ್ರು. ಆದ್ರೆ ಬಿಟ್ಟಷ್ಟೂ ಕಲ್ಲಾಗುತ್ತೆ, ತೆಗೆಯೋದು ಕಷ್ಟ ಆಗುತ್ತೆ, ಅಷ್ಟು ಗೊತ್ತು. ನನ್ನ ಜೊತೆ ಓದಿದವಳ ಅಕ್ಕ ಕಣ್ಣಿನ ಡಾಕ್ಟ್ರು. ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೆ ಈ ಬ್ಯಾಗ್ ಇಲ್ಲೇ ಇಟ್ಟು ಮನೆಗೆ ಹೋಗಿ."

"ಬಂದ್ರೆ?"

"ಬಂದ್ರೆ ಬ್ಯಾಗ್ ನಿಮಗೆ ಕಾಯುತ್ತೆ. ಅಷ್ಟು ದಿನ ನಾನೇ ಗಾಡಿ ತಳ್ತೀನಿ."

ಹದ್ದು ಕನ್ನಡಕ ಹಾಕಿಕೊಂಡ. ಎದ್ದು ಬ್ಯಾಗು ಹೆಗಲಿಗೇರಿಸಿದ. ಬಾಮೈದ ತನ್ನ ಬ್ಯಾಗು ಹೊತ್ತು ಪಕ್ಕದಲ್ಲೇ ನಡೆಯುತ್ತಾ ಮೆಲ್ಲಗೆ ಅಂದ:

"ಕಣ್ಣು ಕತ್ತಲಾದ್ರೂ ನಾನಿದ್ದೀನಲ್ಲ ಭಾವ."

"ನೀನಿರೋದೇ ನನ್ನ ಭಯ."

"ಬೆಳಿಗ್ಗೆ ಎದ್ದ ಕೂಡ್ಲೇ ನನ್ನ ಮುಖ ಕಾಣಲ್ಲ, ಅದೊಂದು ಲಾಭ ನೋಡು."

ಹದ್ದಿಗೆ ನಗು ಬರಲಿಲ್ಲ, ಆದರೆ ಹಲ್ಲು ಕಚ್ಚಿ ಹಿಡಿದಿದ್ದ ದವಡೆ ಸ್ವಲ್ಪ ಸಡಿಲಾಯಿತು.

ಕೊನೆಯ ಗುಂಡಿಯಲ್ಲಿ ಡಾಕ್ಟರಮ್ಮ ಏಳನೇ ನಂಬರ್ ತೆಗೆದುಕೊಂಡಳು. ಟಪ್. ಹದ್ದು ಈ ಸಲ ಯಾರ ಕುತ್ತಿಗೆಯನ್ನೂ ನೋಡಲಿಲ್ಲ. ಆಕಾಶವನ್ನೂ ನೋಡಲಿಲ್ಲ.

"ಎಲ್ಲಿ ಬಿತ್ತು?" ಅಂತ ಕೇಳಿದ. ಕ್ಯಾಡಿಯಾದ ಮೇಲೆ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

"ಗ್ರೀನ್ ಮೇಲೆ. ಬಾವುಟದಿಂದ ಸ್ವಲ್ಪ ಈಚೆ," ಅಂದಳು ಅವಳು. "ನಾನು ತುದಿಯಲ್ಲಿ ಹೊಡೆದೆ ಅನ್ಸುತ್ತೆ. ನಂಗೂ ಗೊತ್ತಾಗ್ಲಿಲ್ಲ."

ಗ್ರೀನಿನ ಅಂಚಿನಲ್ಲಿ ಬ್ಯಾಗು ಊರಿಕೊಂಡು ಅವನು ನಿಂತ. ಹಸಿರಿನ ಮೇಲೆ ಎರಡು ಬಣ್ಣದ ಆಕಾರಗಳು ಅತ್ತಿತ್ತ ಸರಿದಾಡುತ್ತಿದ್ದವು. ಜಗಲಿಯಿಂದ ಇಳಿದು ಬಂದ ಸದಸ್ಯರು ಹಿಂದೆ ಗುಂಪು ಕಟ್ಟಿದ್ದರು, ಯಾರೂ ಕೆಮ್ಮುತ್ತಲೂ ಇರಲಿಲ್ಲ. ಒಂದು ಚೆಂಡು ಉರುಳಿ ನಿಂತಿತು. ಗುಂಪು ಅಯ್ಯೋ ಅಂದಿತು. ಮತ್ತೊಂದು ಚೆಂಡು ಉರುಳಿತು. ಗುಂಡಿಯ ತಳಕ್ಕೆ ಬಿದ್ದ ಗುಳುಕ್ ಸದ್ದು, ಹಿಂದೆಯೇ ಚಪ್ಪಾಳೆ.

"ಯಾರದ್ದು?" ಹದ್ದು ಗಟ್ಟಿಯಾಗಿಯೇ ಕೇಳಿದ. ಸದಸ್ಯರು ತಿರುಗಿ ನೋಡಿರಬೇಕು. ನೋಡಲಿ.

"ಅವರದ್ದು," ಡಾಕ್ಟರಮ್ಮ ಹತ್ತಿರ ಬಂದು ಹೇಳಿದಳು. "ಸೋತ್ವಿ ಹದ್ದಣ್ಣ."

ಅವನು ಅವಳ ಕೈಯಿಂದ ಕೋಲು ಇಸಿದುಕೊಂಡು, ಒರೆಸಿ, ತಡವಿ ಬ್ಯಾಗಿನೊಳಗೆ ಇಳಿಸಿದ.

"ಬೆಳಿಗ್ಗೆ ಎಷ್ಟೊತ್ತಿಗೆ ಬರ್ಲಿ?" ಅಂದ.